ಓಟು ನನಗಿತ್ತು, ಅವರಿಗಿರಲಿಲ್ಲ

2016ರ ಮೇ ತಿಂಗಳ ಕೊನೆಯಲ್ಲಿ ನಮ್ಮ ಮನೆಗೆ ಅಂಚೆಯಲ್ಲಿ ಒಂದು ಕಾರ್ಡು ಬಂತು. ಜೂನ್ 23ರ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ, ಪಕ್ಕದ ಬೀದಿಯ ಚರ್ಚ್ ಹಾಲ್‌ನಲ್ಲಿ ಓಟು ಹಾಕಬಹುದು ಅಂತ ಅದರಲ್ಲಿತ್ತು. ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೋ, ಬಿಟ್ಟು ಹೋಗಬೇಕೋ ಅಂತ ಜನರನ್ನೇ ಕೇಳುವ ಓಟು ಅದು. ನಾನು ಇಂಗ್ಲೆಂಡಿನ ಸ್ವಿಂಡನ್ ಅನ್ನೋ ಊರಿಗೆ ಬಂದು ಆಗಿನ್ನೂ ಮೂರು ವರ್ಷ. ಕೈಯಲ್ಲಿ ಭಾರತದ ಪಾಸ್‌ಪೋರ್ಟ್, ಅದರೊಳಗೆ ಕೆಲಸದ ವೀಸಾ. ಆದರೂ ನನಗೆ ಓಟಿತ್ತು. ಕಾಮನ್‌ವೆಲ್ತ್ ದೇಶದ ಪ್ರಜೆ ಇಲ್ಲಿ ವಾಸವಾಗಿದ್ದರೆ ಸಾಕು, ಓಟು ಹಾಕಬಹುದಿತ್ತು.

ಪಕ್ಕದ ಮನೆಗೆ ಆ ಕಾರ್ಡು ಬರಲಿಲ್ಲ.

ಪಕ್ಕದ ಮನೆಯವರು ಗೋವಾದವರು. ನಾನು ಕಾರವಾರದ ಕಡೆಯವನಾದ್ದರಿಂದ ನಮ್ಮ ಮಾತೆಲ್ಲ ಕೊಂಕಣಿಯಲ್ಲೇ. ಸ್ವಿಂಡನ್‌ನಲ್ಲಿ ಗೋವಾದ ಜನ ಬಹಳ. ಕಾರಣ ಹಳೆಯದು. ಗೋವಾ 1961ರ ಡಿಸೆಂಬರ್‌ವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಅದಕ್ಕೂ ಮುಂಚೆ ಅಲ್ಲಿ ಹುಟ್ಟಿದವರು, ಅವರ ಮಕ್ಕಳು, ಪೋರ್ಚುಗಲ್‌ನ ಪೌರತ್ವ ಕೇಳಿ ಪಡೆಯಬಹುದು. ಹಾಗೆ ಪಡೆದ ಪಾಸ್‌ಪೋರ್ಟ್ ಯುರೋಪಿನ ಪಾಸ್‌ಪೋರ್ಟ್. ಅದನ್ನು ಹಿಡಿದು ಇವರು 2006ರಲ್ಲಿ ನೇರವಾಗಿ ಇಲ್ಲಿಗೆ ಬಂದಿದ್ದರು. ವೀಸಾ ಇಲ್ಲ, ಸಂದರ್ಶನ ಇಲ್ಲ. ಹತ್ತು ವರ್ಷದಿಂದ ಗೋದಾಮಿನಲ್ಲಿ ಕೆಲಸ, ತೆರಿಗೆ ಕಟ್ಟುತ್ತಿದ್ದರು, ಇಬ್ಬರು ಮಕ್ಕಳು ಇಲ್ಲೇ ಹುಟ್ಟಿದ್ದರು. ಆ ಮೇ ತಿಂಗಳಲ್ಲಿ ನಡೆದ ನಗರಸಭೆ ಚುನಾವಣೆಗೆ ಅದೇ ಚರ್ಚ್ ಹಾಲ್‌ನಲ್ಲಿ ಅವರೂ ಓಟು ಹಾಕಿದ್ದರು. ಸ್ಥಳೀಯ ಚುನಾವಣೆಗೆ ಯುರೋಪಿನವರಿಗೆ ಓಟಿತ್ತು. ಈ ಜನಮತಕ್ಕೆ ಮಾತ್ರ ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರನ್ನು ಬಿಟ್ಟರೆ ಯುರೋಪಿನ ಬೇರೆ ಯಾರಿಗೂ ಇರಲಿಲ್ಲ. ಅವರ ಮನೆಯ ಭವಿಷ್ಯದ ಬಗ್ಗೆ ನಾನು ಓಟು ಹಾಕಬಹುದು, ಅವರು ಹಾಕುವ ಹಾಗಿಲ್ಲ! ಇದು ಮೊದಲು ಗೊತ್ತಾದಾಗ ನನಗೆ ಅವರ ಮುಖ ನೋಡಿ ಮಾತಾಡೋದಕ್ಕೇ ಕಷ್ಟವಾಗಿತ್ತು.

ಜೂನ್ 19ರ ಭಾನುವಾರ ಅವರು ನಮ್ಮನ್ನೆಲ್ಲ ಊಟಕ್ಕೆ ಕರೆದರು. ಮೂರು ದಿನದ ಹಿಂದಷ್ಟೇ ಜೋ ಕಾಕ್ಸ್ ಅನ್ನೋ ಸಂಸದೆಯನ್ನು ಬೀದಿಯಲ್ಲೇ ಕೊಂದಿದ್ದರು. ಒಕ್ಕೂಟದಲ್ಲಿ ಉಳಿಯಬೇಕು ಅಂತ ಪ್ರಚಾರ ಮಾಡುತ್ತಿದ್ದವರು ಆಕೆ. ಎರಡೂ ಕಡೆಯವರು ಪ್ರಚಾರ ನಿಲ್ಲಿಸಿದ್ದರು. ಹಾಗಾಗಿ ಆ ದಿನ ಯಾರೂ ಗಂಟಲು ಏರಿಸಲಿಲ್ಲ. ಆದರೆ ವಾದ ಮಾತ್ರ ಬಿಡಲಿಲ್ಲ.

ಊಟಕ್ಕೆ ಬಂದವರಲ್ಲಿ ಇಂಡಿಯನ್ ರೆಸ್ಟೋರೆಂಟ್ ನಡೆಸುವ ನನ್ನ ಗೆಳೆಯನಿದ್ದ. ಬಿಡಬೇಕು ಅನ್ನೋ ಪಕ್ಷ ಅವನದು. ಅವನ ತಮ್ಮ ಒಳ್ಳೆ ಅಡುಗೆಯವನು, ಇಲ್ಲಿಗೆ ಕರೆಸಿಕೊಳ್ಳಲು ಎರಡು ಸಲ ಪ್ರಯತ್ನಪಟ್ಟು ಆಗಿರಲಿಲ್ಲ. ಹೊರಗಿನಿಂದ ಅಡುಗೆಯವರನ್ನು ಕರೆಸಬೇಕಾದರೆ ವರ್ಷಕ್ಕೆ 29,570 ಪೌಂಡ್ ಸಂಬಳ ಕೊಡಬೇಕಿತ್ತು. ಸಣ್ಣ ಊರಿನ ರೆಸ್ಟೋರೆಂಟ್‌ಗೆ ಅದು ಎಲ್ಲಿಂದ ಬರಬೇಕು? ಯುರೋಪಿನ ಹೊರಗಿನ ನುರಿತ ಕೆಲಸಗಾರರಿಗೆ ವರ್ಷಕ್ಕೆ 20,700 ವೀಸಾ ಅನ್ನೋ ಮಿತಿ ಬೇರೆ. "ಯುರೋಪಿನ ಯಾವ ಮೂಲೆಯಿಂದ ಬೇಕಾದರೂ ಕೆಲಸ ಗೊತ್ತಿಲ್ಲದವನು ನಾಳೆ ವಿಮಾನ ಹತ್ತಿ ಬರಬಹುದು. ನನ್ನ ತಮ್ಮ ಯಾಕೆ ಬರಬಾರದು? ಒಕ್ಕೂಟ ಬಿಟ್ಟರೆ ಎಲ್ಲರಿಗೂ ಒಂದೇ ಬಾಗಿಲು" ಅಂದ. ಬಿಡುವ ಪಕ್ಷದ ನಾಯಕರು, ಅದರಲ್ಲೂ ಪ್ರೀತಿ ಪಟೇಲ್, ಕರಿ ಹೌಸ್ ಅನ್ನೋ ಇಂಥ ರೆಸ್ಟೋರೆಂಟ್‌ಗಳಿಗೆ ಹೇಳುತ್ತಿದ್ದದ್ದೂ ಇದನ್ನೇ. ಅವನ ಮಾತಿಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ನಾನೂ ಆ ಕಷ್ಟದ ಬಾಗಿಲಿನಿಂದಲೇ ಬಂದವನು ಅಲ್ವಾ?

ಎದುರು ಮನೆಯ ಹಿರಿಯರೂ ಬಂದಿದ್ದರು, ಇಂಗ್ಲಿಷಿನವರು, ಎಪ್ಪತ್ತು ದಾಟಿತ್ತು. ಸ್ವಿಂಡನ್‌ನ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರು. ಅದು 1986ರಲ್ಲಿ ಮುಚ್ಚಿತು. ಬ್ರಿಟನ್ 1973ರಲ್ಲಿ ಯುರೋಪಿನ ಆಗಿನ ಕೂಟ ಸೇರಿತು. ಎರಡು ವರ್ಷದ ಮೇಲೆ, 1975ರ ಜನಮತದಲ್ಲಿ, ಉಳಿಯೋಣ ಅಂತ ಓಟು ಹಾಕಿದ ನೂರಕ್ಕೆ 67 ಜನರಲ್ಲಿ ಇವರೂ ಒಬ್ಬರು. "ನಾನು ಅವತ್ತು ಒಪ್ಪಿದ್ದು ಒಂದು ಮಾರುಕಟ್ಟೆಗೆ. ಕಾನೂನು ಮಾಡುವ ಇನ್ನೊಂದು ಸಂಸತ್ತಿಗಲ್ಲ, ಅದರ ಮೇಲಿನ ಕೋರ್ಟಿಗಲ್ಲ. ನಮಗೆ ಬೇಡವಾದ ಸರ್ಕಾರವನ್ನು ನಾವು ಓಟು ಹಾಕಿ ಇಳಿಸ್ತೀವಿ. ಬ್ರಸೆಲ್ಸ್‌ನಲ್ಲಿ ಕೂತವರನ್ನು ಯಾರು ಇಳಿಸ್ತಾರೆ?" ಅಂತ ಕೇಳಿದರು. ಸ್ವಲ್ಪ ನಷ್ಟವಾಗುತ್ತೆ ಅನ್ನೋದನ್ನೂ ಅವರು ಒಪ್ಪಿದರು. ನಷ್ಟವಾದರೂ ನಿರ್ಧಾರ ನಮ್ಮದಾಗಿರಲಿ ಅನ್ನೋದು ಅವರ ಮಾತು. ಆ ಮಾತಿಗೆ ನನಗೆ ಈಗಲೂ ಗೌರವವಿದೆ. ಎಷ್ಟು ಬೆಲೆ ಕೊಡಲು ತಯಾರು ಅಂತ ಬಾಯಿಬಿಟ್ಟು ಹೇಳಿದವರು ಆ ದಿನ ಅವರೊಬ್ಬರೇ.

ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗ್ತಿದೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಅಂತ ಬಿಡುವ ಪಕ್ಷದವರು ಕೆಂಪು ಬಸ್ಸಿನ ಮೇಲೆ ಬರೆದುಕೊಂಡು ತಿರುಗಾಡುತ್ತಿದ್ದರು. ಅದು ಸರಿಯಾದ ಲೆಕ್ಕ ಅಲ್ಲ. 1984ರಲ್ಲಿ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಹಟ ಹಿಡಿದು ಪಡೆದ ರಿಯಾಯಿತಿಯನ್ನು ಕಳೆದ ಮೇಲೇ ಬ್ರಿಟನ್ ಹಣ ಕಳಿಸುತ್ತಿತ್ತು. ಕಳಿಸಿದ್ದರಲ್ಲೂ ರೈತರಿಗೆ, ಹಿಂದುಳಿದ ಊರುಗಳಿಗೆ, ಸಂಶೋಧನೆಗೆ ಅಂತ ಒಂದು ಪಾಲು ವಾಪಸ್ ಬರುತ್ತಿತ್ತು. ದೇಶದ ಅಂಕಿಅಂಶ ಪ್ರಾಧಿಕಾರವೇ ಇದು ದಾರಿ ತಪ್ಪಿಸುತ್ತೆ ಅಂತ ಹೇಳಿತ್ತು. ನಾನು ಇದನ್ನು ಹೇಳಿದೆ. ಹಿರಿಯರು ತಲೆಯಾಡಿಸಿ, "ಹೌದು, ಆದರೆ ನನ್ನ ಕಾರಣ ಬಸ್ಸಲ್ಲ" ಅಂದರು.

ನನ್ನ ವಾದ ವ್ಯಾಪಾರದಿಂದ ಶುರುವಾಯಿತು. ಬ್ರಿಟನ್ ಹೊರಗೆ ಮಾರುವುದರಲ್ಲಿ ಹತ್ತಿರ ಹತ್ತಿರ ಅರ್ಧ ಯುರೋಪಿಗೇ ಹೋಗುತ್ತಿತ್ತು. ಒಕ್ಕೂಟದ ಒಳಗೆ ಸರಕು, ಸೇವೆ, ಬಂಡವಾಳ, ಜನ, ನಾಲ್ಕೂ ಗಡಿ ದಾಟಿ ಓಡಾಡಬಹುದು. ಈ ನಾಲ್ಕರಲ್ಲಿ ನಮಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳುವ ಹಾಗಿಲ್ಲ. ನಾರ್ವೆ ಒಕ್ಕೂಟದಲ್ಲಿಲ್ಲ, ಆದರೂ ಆ ಮಾರುಕಟ್ಟೆಯೊಳಗಿದೆ. ಅದಕ್ಕಾಗಿ ಹಣ ಕೊಡುತ್ತೆ, ಜನರ ಓಡಾಟವನ್ನೂ ಒಪ್ಪಿದೆ, ನಿಯಮ ಮಾಡುವ ಕಡೆ ಓಟು ಮಾತ್ರ ಇಲ್ಲ. ಹತ್ತಿರ ಇದ್ದಷ್ಟೂ ಅವರ ನಿಯಮ, ದೂರ ಹೋದಷ್ಟೂ ಕಾಗದಪತ್ರ. ನಮ್ಮ ಊರಿನ ಹೊಂಡಾ ಕಾರ್ಖಾನೆಯನ್ನೇ ನೋಡಿ ಅಂದೆ. ಕಾರಿನ ಬಿಡಿಭಾಗಗಳು ಸಮುದ್ರ ದಾಟಿ ಬರುತ್ತವೆ, ಬಂದ ಹಾಗೇ ಜೋಡಿಸುತ್ತಾರೆ. ಮರುವರ್ಷ ಅದೇ ಕಂಪನಿ ಸಂಸತ್ತಿನ ಸಮಿತಿಯ ಮುಂದೆ ಲೆಕ್ಕ ಹೇಳಿತು: ಯುರೋಪಿನಿಂದ ದಿನಕ್ಕೆ 350 ಲಾರಿ, ಜೋಡಣೆಯ ಸಾಲಿನಲ್ಲಿ ಇರೋದು ಒಂದು ಗಂಟೆಗೆ ಸಾಕಾಗುವಷ್ಟು ಭಾಗ. ಗಡಿಯಲ್ಲಿ ತಪಾಸಣೆ ಶುರುವಾದರೆ ಆ ಒಂದು ಗಂಟೆ ಏನಾಗಬೇಕು?

ಆದರೆ ನನ್ನ ನಿಜವಾದ ಕಾರಣ ವ್ಯಾಪಾರವಲ್ಲ. ಅದು ಮಾತಾಡ್ತಾ ಮಾತಾಡ್ತಾ ನನಗೇ ಗೊತ್ತಾಯಿತು.

ನಾನು ಇಲ್ಲಿ ಬದುಕುತ್ತಿದ್ದದ್ದು ಅನುಮತಿಯ ಮೇಲೆ. ಕೆಲಸ ಹೋದರೆ 60 ದಿನದೊಳಗೆ ಇನ್ನೊಂದು ಕಂಪನಿ ಹುಡುಕಬೇಕು, ಇಲ್ಲವೇ ಹೊರಡಬೇಕು. ಇಲ್ಲೇ ನೆಲೆಸಬೇಕು ಅಂದರೆ 35,000 ಪೌಂಡ್ ಸಂಬಳ ಇರಬೇಕು ಅನ್ನೋ ನಿಯಮ ಆ ಏಪ್ರಿಲ್‌ನಲ್ಲಷ್ಟೇ ಜಾರಿಗೆ ಬಂದಿತ್ತು. ನಾನು ಬರುವಾಗಲೇ ಗೊತ್ತಿದ್ದ ನಿಯಮಗಳು ಎಷ್ಟೋ, ಬಂದ ಮೇಲೆ ಬದಲಾದವು ಎಷ್ಟೋ. 2015ರಲ್ಲಿ ವೀಸಾ ಮುಂದುವರಿಸಲು ಅರ್ಜಿ ಹಾಕಿ ಕಾಯುತ್ತಿದ್ದಾಗ ನನ್ನ ಅಜ್ಜಿ ತೀರಿಕೊಂಡರು. ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟರೆ ಅರ್ಜಿಯೇ ರದ್ದು. ಹೋಗಲಿಲ್ಲ. ಅಜ್ಜಿಯ ಮುಖ ಫೋನಿನಲ್ಲೇ ನೋಡಿದೆ.

ಪಕ್ಕದ ಮನೆಯವರದ್ದು ಅನುಮತಿಯಲ್ಲ, ಹಕ್ಕು. ದೇಶ ದೇಶಗಳು ಸಹಿ ಹಾಕಿದ ಒಪ್ಪಂದದಲ್ಲಿ ಬರೆದ ಹಕ್ಕು. ಯಾವ ಮಂತ್ರಿಯೂ ಒಂದು ಬೆಳಿಗ್ಗೆ ಎದ್ದು ಅದರ ಸಂಬಳದ ಮಿತಿ ಏರಿಸುವ ಹಾಗಿರಲಿಲ್ಲ. ಗೆಳೆಯ ಹೇಳಿದ ಒಂದೇ ಬಾಗಿಲು ಬಂದರೆ, ನನ್ನ ಅನುಮತಿ ಹಕ್ಕಾಗುವುದಿಲ್ಲ, ಅವರ ಹಕ್ಕು ಅನುಮತಿಯಾಗುತ್ತದೆ. ಆ ಬಾಗಿಲನ್ನು ತೆರೆಯೋದೂ ಸರ್ಕಾರದ ಕೈಯಲ್ಲಿ, ಮುಚ್ಚೋದೂ ಸರ್ಕಾರದ ಕೈಯಲ್ಲಿ. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಮನೆಯೊಡೆಯರು ಅಲ್ಲಿಯವರೆಗೂ ಸುಮ್ನೆ ಬಡಿಸುತ್ತಾ ಇದ್ದರು. ಆಗ ಒಂದೇ ಮಾತು ಕೇಳಿದರು. "ಮಕ್ಕಳ ಶಾಲೆ ಬದಲಾಯಿಸಬೇಕಾಗುತ್ತಾ?" ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಗುರುವಾರ ಸಂಜೆ ಕೆಲಸ ಮುಗಿಸಿ ಓಟಿಗೆ ಹೋದೆ. ಹೆಸರು, ವಿಳಾಸ ಹೇಳಿದೆ, ಅಷ್ಟೇ. ಗುರುತಿನ ಚೀಟಿ ಕೇಳಲಿಲ್ಲ, ಬೆರಳಿಗೆ ಶಾಯಿ ಹಚ್ಚಲಿಲ್ಲ. ಮರದ ಹಲಗೆಯ ಮರೆಯಲ್ಲಿ ದಾರ ಕಟ್ಟಿದ ಒಂದು ಪೆನ್ಸಿಲ್. ಪೆನ್ಸಿಲ್ ಗುರುತನ್ನು ಅಳಿಸಿಬಿಡ್ತಾರೆ ಅನ್ನೋ ಸುದ್ದಿ ಹಬ್ಬಿ ಎಷ್ಟೋ ಜನ ಪೆನ್ನು ತಂದಿದ್ದರು. ಚೀಟಿಯಲ್ಲಿ ಎರಡೇ ಚೌಕ. ಉಳಿಯಬೇಕು ಅನ್ನೋದರ ಮುಂದೆ ಗುಣಿಸುವ ಗುರುತು ಹಾಕಿದೆ. ಇಷ್ಟು ದೊಡ್ಡ ವಿಷಯಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಹನ್ನೆರಡು ದಾಟಿದ ಸ್ವಲ್ಪ ಹೊತ್ತಿಗೆ ಸಂಡರ್‌ಲ್ಯಾಂಡ್ ಫಲಿತಾಂಶ ಬಂತು. ನಿಸ್ಸಾನ್ ಕಾರ್ಖಾನೆ ಇರುವ ಊರು, ಯುರೋಪಿಗೆ ಕಾರು ಮಾರಿ ಬದುಕುವ ಊರು. ಅಲ್ಲಿ ನೂರಕ್ಕೆ 61 ಜನ ಬಿಡೋಣ ಅಂದಿದ್ದರು. ಸ್ವಿಂಡನ್‌ನಲ್ಲೂ ಸುಮಾರು 55. ಬೆಳಗಿನ ಜಾವ 4.40ರ ಹೊತ್ತಿಗೆ ಬಿಬಿಸಿಯಲ್ಲಿ ಡೇವಿಡ್ ಡಿಂಬಲ್ಬಿ ಬ್ರಿಟನ್ ಬಿಡಲು ತೀರ್ಮಾನಿಸಿದೆ ಅಂತ ಹೇಳಿದರು. ಒಟ್ಟು ಲೆಕ್ಕ 51.9ಕ್ಕೆ 48.1. ರಾತ್ರಿ ಒಂದೂವರೆ ಡಾಲರ್ ಇದ್ದ ಪೌಂಡ್ ಬೆಳಗಾಗುವಷ್ಟರಲ್ಲಿ 1.35ಕ್ಕಿಂತ ಕೆಳಗೆ ಬಿದ್ದಿತ್ತು. 1985ರಿಂದ ಈಚೆಗೆ ಅಷ್ಟು ಕೆಳಗೆ ಹೋಗಿರಲಿಲ್ಲ.

ಐದೂವರೆಗೆ ಪಕ್ಕದ ಮನೆಯ ಬಾಗಿಲು ತೆಗೆದ ಸದ್ದಾಯಿತು. ಅವರಿಗೆ ಆರು ಗಂಟೆಯ ಪಾಳಿ. ನಾನು ಹೊರಗೆ ಹೋದೆ. ಊಟದ ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದರು. ಕೇಳಲಿಲ್ಲ, ನನ್ನ ಮುಖ ನೋಡಿಯೇ ಗೊತ್ತಾಗಿತ್ತು. "ನೀನು ಹಾಕಿದೆಯಲ್ಲ, ಸಾಕು" ಅಂತ ಕೊಂಕಣಿಯಲ್ಲಿ ಹೇಳಿ ಕಾರು ಹತ್ತಿದರು. ಕೆಲವು ಗಂಟೆಯಲ್ಲೇ ಪ್ರಧಾನಿ ಡೇವಿಡ್ ಕ್ಯಾಮರೂನ್ ಹುದ್ದೆ ಬಿಡುವುದಾಗಿ ಹೇಳಿದರು. ಅದು ನನ್ನ ಮನಸ್ಸಿನಲ್ಲಿ ಅಷ್ಟಾಗಿ ಉಳಿದಿಲ್ಲ.

ಬಿಡುವುದು ಒಂದು ದಿನದ ಕೆಲಸವಾಗಿರಲಿಲ್ಲ. 2020ರ ಜನವರಿ 31ಕ್ಕೆ ಬಿಟ್ಟದ್ದು, ಆ ವರ್ಷದ ಕೊನೆಯವರೆಗೂ ಹಳೆಯ ನಿಯಮಗಳೇ ನಡೆದವು. ನಡುವೆ ಹೊಂಡಾ ತನ್ನ ಕಾರ್ಖಾನೆ ಮುಚ್ಚುವುದಾಗಿ ಹೇಳಿತು, 2021ರಲ್ಲಿ ಮುಚ್ಚಿತು. 3,500 ಜನರ ಕೆಲಸ. ಒಕ್ಕೂಟ ಬಿಟ್ಟದ್ದು ಇದಕ್ಕೆ ಕಾರಣವಲ್ಲ, ವಿದ್ಯುತ್ ಕಾರುಗಳ ಕಡೆಗೆ ಹೋಗುತ್ತಿದ್ದೇವೆ ಅಂತ ಕಂಪನಿ ಹೇಳಿತು. ಅದನ್ನು ಸುಳ್ಳು ಅನ್ನಲು ನನ್ನ ಬಳಿ ಆಧಾರವಿಲ್ಲ. ಎದುರು ಮನೆಯ ಹಿರಿಯರು ಗೇಟಿನ ಬಳಿ ನಿಂತು, ಎರಡನೇ ಸಲ ಈ ಊರಿನ ಕಾರ್ಖಾನೆ ಮುಚ್ಚೋದನ್ನು ನೋಡ್ತಿದ್ದೀನಿ ಅಂದರು. ಅವರಿಗೆ ಸಮಾಧಾನ ಹೇಳಲು ನನಗೆ ಮಾತು ಸಿಗಲಿಲ್ಲ.

ಗೆಳೆಯನ ತಮ್ಮ 2022ರಲ್ಲಿ ಬಂದ. ಹೊಸ ವೀಸಾ ನಿಯಮದಲ್ಲಿ ಸಂಬಳದ ಮಿತಿ ಇಳಿದಿತ್ತು, ಅಡುಗೆಯವರಿಗೂ ದಾರಿ ತೆರೆದಿತ್ತು. ಗೆಳೆಯ ಹೇಳಿದ್ದು ಸರಿಯಾಯಿತು, ನಾನು ಅವನ ಮನೆಗೆ ಹೋಗಿ ಹಾಗಂತ ಒಪ್ಪಿಕೊಂಡೆ. ಒಕ್ಕೂಟ ಬಿಟ್ಟದ್ದರಿಂದ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ ನೂರಕ್ಕೆ 4ರಷ್ಟು ಕಡಿಮೆಯಾಗುತ್ತೆ ಅನ್ನೋದು ಇಲ್ಲಿನ ಬಜೆಟ್ ಹೊಣೆಗಾರಿಕೆ ಕಚೇರಿಯ ಅಂದಾಜು. ಅದನ್ನು ಹೇಳಿದರೆ ಅವನು, "ಆ ನಾಲ್ಕು ಯಾರ ಮನೆಯಲ್ಲಿ ಕಾಣುತ್ತೆ ತೋರಿಸು, ನನ್ನ ತಮ್ಮ ನನ್ನ ಮನೆಯಲ್ಲೇ ಕಾಣ್ತಾನೆ" ಅಂದ. ಈ ವಾದ ಇಷ್ಟು ಕಷ್ಟವಾಗೋದು ಇಲ್ಲೇ. ಬಂದದ್ದಕ್ಕೆ ಮುಖವಿದೆ. ಹೋದದ್ದು ಎಲ್ಲರ ಮನೆಯಿಂದ ಒಂದೊಂದು ಚೂರು ಹೋಗಿರುತ್ತೆ.

ಆಮೇಲೆ ಆ ಬಾಗಿಲು ಮತ್ತೆ ಮುಚ್ಚಿತು. 2024ರ ಏಪ್ರಿಲ್‌ನಲ್ಲಿ ಸಂಬಳದ ಮಿತಿ 38,700 ಪೌಂಡ್‌ಗೆ ಏರಿತು. 2025ರ ಜುಲೈ 22ರಿಂದ ಹೊಸದಾಗಿ ಬರುವ ಅಡುಗೆಯವರಿಗೆ ಆ ವೀಸಾ ಇಲ್ಲವಾಯಿತು. ಎರಡೇ ದಿನದ ಮೇಲೆ, ಜುಲೈ 24ಕ್ಕೆ, ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಒಕ್ಕೂಟದ ಒಳಗಿದ್ದಿದ್ದರೆ ಬ್ರಿಟನ್ ಒಂಟಿಯಾಗಿ ಅಂಥ ಒಪ್ಪಂದ ಮಾಡಿಕೊಳ್ಳುವ ಹಾಗಿರಲಿಲ್ಲ, ಅದು ನಿಜ. ಗೆಳೆಯ ಆ ವಾರ ಫೋನ್ ಮಾಡಿ ಎರಡನ್ನೂ ಹೇಳಿದ, ಖುಷಿಯನ್ನೂ ಬೇಜಾರನ್ನೂ.

ಪಕ್ಕದ ಮನೆಯವರ ಮಕ್ಕಳು ಶಾಲೆ ಬದಲಾಯಿಸಲಿಲ್ಲ. 2019ರಲ್ಲಿ ಅವರು ಇಲ್ಲೇ ನೆಲೆಸುವ ಅರ್ಜಿ ಹಾಕಿದರು. ಫೋನಿನಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿಕೊಟ್ಟದ್ದು ನಾನೇ. ಶುಲ್ಕ ಇರಲಿಲ್ಲ, ಕೆಲವೇ ದಿನದಲ್ಲಿ ಇಮೇಲ್ ಬಂತು. ಕಾರ್ಡು ಯಾವಾಗ ಬರುತ್ತೆ ಅಂತ ಕೇಳಿದರು. ಕಾರ್ಡು ಇಲ್ಲ, ಎಲ್ಲ ಕಂಪ್ಯೂಟರಿನಲ್ಲೇ ಇರುತ್ತೆ ಅಂದೆ. ಅವತ್ತಿನಿಂದ ಆ ಇಮೇಲ್‌ನ ಪ್ರಿಂಟನ್ನು ಮಕ್ಕಳ ಜನನ ಪತ್ರದ ಜೊತೆ ಇಟ್ಟುಕೊಂಡಿದ್ದರು. ಅದು ದಾಖಲೆಯಲ್ಲ ಅಂತ ಅದರಲ್ಲೇ ಬರೆದಿದ್ದರೂ ಎಸೆಯಲಿಲ್ಲ. ಮುಂದೆ ಪರೀಕ್ಷೆ ಬರೆದು, ಸಾವಿರದ ಮುನ್ನೂರಕ್ಕೂ ಜಾಸ್ತಿ ಪೌಂಡ್ ಕಟ್ಟಿ, ಬ್ರಿಟಿಷ್ ಪೌರತ್ವ ತೆಗೆದುಕೊಂಡರು.

2024ರ ಜುಲೈ 4, ಅದೂ ಗುರುವಾರ. ಸಾರ್ವತ್ರಿಕ ಚುನಾವಣೆ. ಅದೇ ಚರ್ಚ್ ಹಾಲ್‌ಗೆ ನಾವಿಬ್ಬರೂ ನಡೆದುಕೊಂಡು ಹೋದೆವು. ಹದಿನೆಂಟು ವರ್ಷ ಈ ಊರಿನಲ್ಲಿದ್ದು, ಈ ದೇಶದ ಸಂಸತ್ತಿಗೆ ಅವರು ಹಾಕಿದ ಮೊದಲ ಓಟು. ಈಗ ಗುರುತಿನ ಚೀಟಿ ಕೇಳುತ್ತಾರೆ. ಅವರು ಡ್ರೈವಿಂಗ್ ಲೈಸೆನ್ಸ್ ತೋರಿಸಿದರು, ಆಮೇಲೆ ಕೇಳದಿದ್ದರೂ ಹೊಸ ಪಾಸ್‌ಪೋರ್ಟ್ ಕೂಡ ಮೇಜಿನ ಮೇಲಿಟ್ಟರು. ಮೇಜಿನ ಹಿಂದಿದ್ದ ಹೆಂಗಸು ಒಂದೇ ಸಾಕು ಅಂತ ನಕ್ಕು ಅದನ್ನು ಹಿಂದೆ ಕೊಟ್ಟರು. ನಾನು ಹೊರಗೆ ಬಂದು ಗೇಟಿನ ಹತ್ತಿರ ಕಾದೆ. ಅವರು ಬರಲು ತುಂಬಾ ಹೊತ್ತಾಯಿತು.