ಐಕಾನ್ 1.6: ಮುಂದಿನ ಸ್ಪ್ರಿಂಗ್ 20 ಮಿಮೀ ಇಳಿಸಿದ ಲೆಕ್ಕ

ನನ್ನ ಗಾಡಿ 2003ರ ಫೋರ್ಡ್ ಐಕಾನ್ 1.6 ಪೆಟ್ರೋಲ್. ಹೆಸರಿಗೆ ಸೆಡಾನ್, ಆದ್ರೆ ಆ ಕಾಲಕ್ಕೆ ನಮ್ಮಂಥವರ ಕೈಗೆ ಎಟುಕುತ್ತಿದ್ದ ಸ್ಪೋರ್ಟ್ಸ್ ಕಾರು ಅಂದ್ರೆ ಇದೇ. ಎಂಜಿನ್ ಕೆಲಸ ಮುಗಿದಿದೆ, ಈಗ ಸಸ್ಪೆನ್ಷನ್ ಸರದಿ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಮುಂಭಾಗ ಸ್ವಲ್ಪ ಜಾಸ್ತಿಯೇ ವಾಲುತ್ತದೆ. ಅದು ಕಡಿಮೆಯಾಗಬೇಕು. ಜೊತೆಗೆ ಹುಬ್ಬಳ್ಳಿಯ ತಗ್ಗು, ಹಂಪ್‌ಗಳ ಮೇಲೆ ದಿನಾ ಓಡಿಸೋಕೂ ಆಗಬೇಕು.

ಗೋಕುಲ ರೋಡಿನ ಮಿಸ್ತ್ರಿ ಗಾಡಿ ನೋಡಿದ ಕೂಡಲೇ ಹೇಳಿದ್ರು: "ಸ್ಪ್ರಿಂಗ್ ಒಂದ್ ಸುತ್ತು ಕಟ್ ಮಾಡೂಣ್ರಿ ಸರ, ಸಂಜಿಕ ಒಯ್ದ್ ಬಿಡ್ರಿ." ನಾನು, "ಬ್ಯಾಡ್ರಿ, ಮೊದಲು ಬಿಚ್ಚಿ ಅಳತಿ ತಗೊಳ್ಳೂಣು" ಅಂದೆ. ಅವರು ಬೇಜಾರು ಮಾಡ್ಕೊಳ್ಳದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಕಂಬ) ಬಿಚ್ಚಿಕೊಟ್ರು.

ವರ್ನಿಯರ್ ಹಿಡಿದು ಅಳೆದಾಗ ಸಿಕ್ಕಿದ್ದು: ತಂತಿಯ ದಪ್ಪ 12 ಮಿಮೀ, ಸುರುಳಿಯ ಹೊರಗಿನ ಅಳತೆ 142, ಅಂದ್ರೆ ತಂತಿಯ ನಡುವಿಂದ ನಡುವಿಗೆ 130. ಕೆಲಸ ಮಾಡುವ ಸುತ್ತು ನಾಲ್ಕೂವರೆ. ಬಿಚ್ಚಿಟ್ಟಾಗ ಉದ್ದ 365 ಮಿಮೀ. ಸ್ಪ್ರಿಂಗ್‌ನ ಬಿಗಿ ತಂತಿ ದಪ್ಪದ ನಾಲ್ಕನೇ ಘಾತದಷ್ಟು ಏರುತ್ತದೆ, ಸುರುಳಿಯ ವ್ಯಾಸದ ಮೂರನೇ ಘಾತದಷ್ಟು ಇಳಿಯುತ್ತದೆ. ಸುತ್ತು ಜಾಸ್ತಿಯಾದಷ್ಟೂ ಮೆತ್ತಗೆ. ಈ ಲೆಕ್ಕದಲ್ಲಿ ಕಂಪನಿ ಸ್ಪ್ರಿಂಗ್‌ನ ಬಿಗಿ ಮಿಮೀಗೆ 21 ನ್ಯೂಟನ್ ಬರುತ್ತದೆ. ಒಂದು ಮಿಮೀ ಅದುಮಲು ಎರಡು ಕೆಜಿಗೆ ಸ್ವಲ್ಪ ಮೇಲೆ ಭಾರ ಬೇಕು.

ಇನ್ನು ಗಾಡಿಯ ಭಾರ. ಅಮರಗೋಳ ಎಪಿಎಂಸಿ ಹತ್ತಿರದ ಕಾಟಾ ಮೇಲೆ ಮುಂದಿನ ಗಾಲಿ ಮಾತ್ರ ಹತ್ತಿಸಿ ತೂಗಿಸಿದೆ, ಸೀಟಿನಲ್ಲಿ ನಾನು ಕೂತೇ ಇದ್ದೆ. 650 ಕೆಜಿ ಬಂತು. ಒಂದು ಕಡೆಗೆ 325. ಅದರಲ್ಲಿ ಗಾಲಿ, ಹಬ್, ಬ್ರೇಕ್ ತೂಕ 40 ಕಳೆದರೆ ಸ್ಪ್ರಿಂಗ್ ಮೇಲೆ ಕೂರೋದು 285 ಕೆಜಿ, ಸುಮಾರು 2800 ನ್ಯೂಟನ್. ಅಂದ್ರೆ ಗಾಡಿ ಸುಮ್ನೆ ನಿಂತಾಗಲೇ ಸ್ಪ್ರಿಂಗ್ 133 ಮಿಮೀ ಅದುಮಿಕೊಂಡಿರುತ್ತದೆ.

ಗಾಡಿ ಇಳಿಸೋ ಮಾತು ಬಂದಾಗ ಎಲ್ಲರೂ ಗಾಲಿ ಮೇಲಿನ ಗ್ಯಾಪ್ ನೋಡ್ತಾರೆ. ಜಾಕ್ ಹಾಕಿ ಎತ್ತಿದಾಗ ಸ್ಪ್ರಿಂಗ್ ಎಲ್ಲಿರುತ್ತದೆ ಅಂತ ಯಾರೂ ನೋಡಲ್ಲ. ನನ್ನ ಸ್ಟ್ರಟ್ ನಿಂತ ಎತ್ತರದಿಂದ ಕೆಳಕ್ಕೆ 80 ಮಿಮೀ ಇಳಿಯುತ್ತದೆ. ಗಾಡಿಯನ್ನ 40 ಮಿಮೀ ಇಳಿಸಿದರೆ ಅದು 120 ಆಗುತ್ತದೆ. ಹಾಗೆ 40 ಮಿಮೀ ಇಳಿಸೋ ಸ್ಪ್ರಿಂಗ್‌ನ ಬಿಗಿ 28 ಅಂತ ಹಿಡಿದರೆ ನಿಂತಾಗ ಅದುಮಿಕೊಂಡಿರೋದು ಬರೀ 100. ಗಾಲಿ ಪೂರ್ತಿ ಇಳಿಬಿದ್ದಾಗ 20 ಮಿಮೀ ಸಡಿಲ! ಸ್ಪ್ರಿಂಗ್ ತನ್ನ ಸೀಟಿನಿಂದ ಎದ್ದು ಓರೆಯಾಗಿ ಕೂತರೆ ಮುಂದೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಕಟ್ ಮಾಡಿದ ಸ್ಪ್ರಿಂಗ್‌ದೂ ಇದೇ ಕಥೆ. ಒಂದು ಸುತ್ತು ಕತ್ತರಿಸಿದರೆ ಬಿಗಿ 27ಕ್ಕೆ ಏರುತ್ತದೆ, ಗಾಡಿ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ, ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರೋದೂ ಇಲ್ಲ. ಕೆಲವರು ಗ್ಯಾಸ್‌ನಲ್ಲಿ ಕಾಯಿಸಿ ಕೂರಿಸ್ತಾರಲ್ಲ, ಅದಂತೂ ಬೇಡವೇ ಬೇಡ. ಉಕ್ಕಿನ ಹದವೇ ಹೋಗುತ್ತದೆ. ತುದಿಯಲ್ಲಿ ಒತ್ತೊತ್ತಾದ ಮೆತ್ತನೆ ಸುತ್ತುಗಳಿರುವ ಪ್ರೊಗ್ರೆಸಿವ್ ಸ್ಪ್ರಿಂಗ್ ಆದ್ರೆ ಈ ಸಡಿಲ ತುಂಬಿಕೊಳ್ಳುತ್ತದೆ. ಯುರೋಪಿನ ಫಿಯೆಸ್ಟಾಗೆ ಅಂಥವು ಸಿಗುತ್ತವೆ, ಐಕಾನ್ ಹುಟ್ಟಿದ್ದೂ ಅದರಿಂದಲೇ. ಆದ್ರೆ ಡಿಕ್ಕಿ ಇರೋ ನಮ್ಮ ಗಾಡಿಯ ತೂಕ ಬೇರೆ.

ಮೇಲಕ್ಕೆ ಎಷ್ಟು ಜಾಗ ಇದೆ ಅನ್ನೋದನ್ನೂ ನೋಡಬೇಕಲ್ವಾ? ಸ್ಟ್ರಟ್ ರಾಡ್‌ಗೆ ಒಂದು ಕೇಬಲ್ ಟೈ ಬಿಗಿದು, ಡಸ್ಟ್ ಕವರ್ ಮೇಲಕ್ಕೆ ಸರಿಸಿ ಕಟ್ಟಿ, ತಾರಿಹಾಳ ಕಡೆ ಲಾರಿ ಓಡಾಡೋ ರಸ್ತೆಯಲ್ಲಿ ಓಡಿಸಿದೆ. ರಾಡ್ ಒಳಗೆ ಹೋದಷ್ಟೂ ಟೈ ಮೇಲಕ್ಕೆ ತಳ್ಳಿಸಿಕೊಂಡು ಅಲ್ಲೇ ನಿಲ್ಲುತ್ತದೆ. ವಾಪಸ್ ಬಂದು ನೋಡಿದ್ರೆ ಎಣ್ಣೆ ಹತ್ತಿದ ರಾಡ್ ಮೇಲೆ 48 ಮಿಮೀ ಎತ್ತರದಲ್ಲಿ ಟೈ ಕೂತಿತ್ತು. ಬಂಪ್ ಸ್ಟಾಪರ್ (ಕೊನೆಯಲ್ಲಿ ತಡೆಯೋ ರಬ್ಬರ್) ತಾಗೋದು 60ಕ್ಕೆ. ಬಿಗಿ 26 ಮಾಡಿದರೆ ಅದೇ ತಗ್ಗು 43 ಮಿಮೀ ಕೇಳುತ್ತದೆ. ಗಾಡಿ 40 ಇಳಿಸಿದರೆ ಉಳಿಯೋದು 20, ಪ್ರತಿ ತಗ್ಗಿಗೂ ಧಡ್ ಅನ್ನುತ್ತದೆ. 25 ಇಳಿಸಿದರೆ 35 ಉಳಿಯುತ್ತದೆ, ಆದರೆ ಕೆಳಗಡೆ ಸ್ಪ್ರಿಂಗ್ ಹಿಡಿತ ಬರೀ 3 ಮಿಮೀ. 20 ಇಳಿಸಿದರೆ ಮೇಲೆ 40 (ಬೇಕಾದ 43ಕ್ಕೆ ಬರೀ 3 ಕಡಿಮೆ), ಕೆಳಗೆ 8 ಮಿಮೀ ಹಿಡಿತ. ಹಾಗಾಗಿ 20 ಅಂತ ತೀರ್ಮಾನ.

ಪುಣೆ ಕಡೆ ಆರ್ಡರ್ ಮೇಲೆ ಸ್ಪ್ರಿಂಗ್ ಸುತ್ತಿಕೊಡೋರಿಗೆ ಡ್ರಾಯಿಂಗ್ ಕಳಿಸಿದೆ. ತಂತಿ 12.5 ಮಿಮೀ, ನಡು ವ್ಯಾಸ ಅದೇ 130, ಸುತ್ತು ನಾಲ್ಕೂಕಾಲು, ಉದ್ದ 320. ಅರ್ಧ ಮಿಮೀ ದಪ್ಪಕ್ಕೇ ಬಿಗಿ ಶೇ. 18ರಷ್ಟು ಏರುತ್ತದೆ, ಕಾಲು ಸುತ್ತು ಕಡಿಮೆಯಾಗಿದ್ದು ಸೇರಿ 26. ಇಳಿಸೋದು 20 ಆದ್ರೂ ಉದ್ದದಲ್ಲಿ 45 ಯಾಕೆ ಕಡಿಮೆ ಅಂದ್ರೆ, ಬಿಗಿ ಸ್ಪ್ರಿಂಗ್ ಅದೇ ಭಾರಕ್ಕೆ 133ರ ಬದಲು 108 ಮಾತ್ರ ಕುಗ್ಗುತ್ತದೆ. ಆ 25ನ್ನೂ ಕಳೆಯಬೇಕು. ಶಾಟ್ ಪೀನಿಂಗ್ (ಸಣ್ಣ ಗುಂಡು ಹೊಡೆದು ಮೇಲ್ಮೈ ಗಟ್ಟಿ ಮಾಡೋದು) ಮಾಡಿಸಿ, ಒಮ್ಮೆ ಪೂರ್ತಿ ಅದುಮಿ ಬಿಟ್ಟು ಕಳಿಸಿ ಅಂತ ಒತ್ತಿ ಹೇಳಿದೆ. ಆಮೇಲೆ ಕುಸಿಯೋದು ಕಡಿಮೆ.

ಮುಂದಿನ ಎರಡೂ ಕೂರಿಸಿದ್ದೇವೆ. ಶಾಕ್ ಅಬ್ಸಾರ್ಬರ್ ಕಂಪನಿ ಅಳತೆಯವೇ, ಹೊಸವು. ಇಷ್ಟು ಬಿಗಿಗೆ ಹತ್ತಿರಹತ್ತಿರ ಶೇ. 11 ಜಾಸ್ತಿ ಡ್ಯಾಂಪಿಂಗ್ (ಸ್ಪ್ರಿಂಗ್ ಕುಣಿತ ತಡೆಯೋ ಶಕ್ತಿ) ಸಾಕು, ಹಳೇ ಸೋರೋ ಶಾಕ್‌ಗೆ ಹೋಲಿಸಿದ್ರೆ ಹೊಸದು ಧಾರಾಳ. ಲೋವರ್ ಆರ್ಮ್ (ಗಾಲಿಯನ್ನ ಕೆಳಗಿಂದ ಹಿಡಿಯೋ ತೋಳು) ಬುಷ್ ಬೋಲ್ಟ್‌ಗಳನ್ನ ಗಾಡಿ ನೆಲದ ಮೇಲೆ ನಿಂತಾಗಲೇ ಕೊನೆ ಬಿಗಿ ಕೊಡಿಸಿದೆ. ಜಾಕ್ ಮೇಲೆ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮಿಸ್ತ್ರಿಗೂ ಈ ಮಾತು ಹಿಡಿಸಿತು. ಹಬ್ ನಡುವಿಂದ ಮಡ್‌ಗಾರ್ಡ್ ಅಂಚಿಗೆ ಮೊದಲು 384 ಇತ್ತು. ಕೂರಿಸಿದಾಗ 366, ಓಡಿಸಿದ ಮೇಲೆ 364ಕ್ಕೆ ನಿಂತಿದೆ. ಟೋ (ಮುಂದಿನ ಗಾಲಿಗಳು ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಬದಲಾಗಿತ್ತು, ಅಲೈನ್‌ಮೆಂಟ್ ಆಯ್ತು.

ಉಣಕಲ್ ಕಡೆಯ ಹಂಪ್‌ಗಳ ಮೇಲೆ ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ತಾಗಲಿಲ್ಲ. ತಿರುವಿನಲ್ಲಿ ಮೂತಿ ತಕ್ಷಣ ತಿರುಗುತ್ತದೆ, ಸ್ಟೀರಿಂಗ್ ತಿರುಗಿಸಿದ ಮೇಲೆ ಕಾಯೋ ಆ ಒಂದು ಕ್ಷಣ ಹೋಗಿದೆ. ನನಗೆ ಬೇಕಾಗಿದ್ದದ್ದು ಇದೇ.

ಹಿಂದಿನದನ್ನ ಇನ್ನೂ ಮುಟ್ಟಿಲ್ಲ. ಮನೆಯವರೆಲ್ಲ ಕೂತು ಗದಗಕ್ಕೆ ಹೊರಟರೆ ಡಿಕ್ಕಿ ಸಾಮಾನು ಸೇರಿ ಹಿಂದೆ ಭಾರ ಸುಮಾರಾಗಿಯೇ ಏರುತ್ತದೆ. ಅಲ್ಲಿ 10 ಮಿಮೀಗಿಂತ ಜಾಸ್ತಿ ಇಳಿಸೋ ಮನಸ್ಸಿಲ್ಲ. ಮೊದಲು ಪೂರ್ತಿ ಜನ ಕೂರಿಸಿಕೊಂಡು ಮತ್ತೆ ಕಾಟಾಕ್ಕೆ ಹೋಗಬೇಕು, ಹಿಂದಿನ ರಾಡ್‌ಗೂ ಕೇಬಲ್ ಟೈ ಕಟ್ಟಬೇಕು.