ಪ್ರಾಗ್‌ನ ಬೋರ್ಡುಗಳು

ಬೆಳಿಗ್ಗೆ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನ 1968ರ ಒಂದು ಫೋಟೋ ಕಣ್ಣಿಗೆ ಬಿತ್ತು. ದಾರಿ ತೋರಿಸೋ ಬೋರ್ಡು, ಊರಿನ ಹೆಸರುಗಳ ಮೇಲೆಲ್ಲ ಬಣ್ಣ ಬಳಿದಿದ್ದಾರೆ.

ಆಗಸ್ಟ್ 20ರ ರಾತ್ರಿ ವಾರ್ಸಾ ಒಪ್ಪಂದದ, ಅಂದ್ರೆ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರ ದೇಶಗಳ ಸೇನೆ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿತು. ಅಲ್ಲಿನ ಕಮ್ಯುನಿಸ್ಟ್ ಪಕ್ಷದ ನಾಯಕ ದುಬ್ಚೆಕ್ ಅವರ ಆಡಳಿತ ಪತ್ರಿಕೆಗಳ ಮೇಲಿನ ಸೆನ್ಸಾರ್ ತೆಗೆದದ್ದು ಮಾಸ್ಕೋಗೆ ಸಹಿಸೋಕಾಗಲಿಲ್ಲ.

ರೇಡಿಯೋ ಕರೆ ಕೊಟ್ಟಿದ್ದೇ ತಡ, ಜನ ಬೀದಿ ಹೆಸರು ಕಿತ್ತರು, ಮನೆ ನಂಬರ್ ಕಿತ್ತರು, ಬಾಗಿಲ ಮೇಲಿನ ಹೆಸರೂ ತೆಗೆದರು. ಬಂಧಿಸೋಕೆ ವಿಳಾಸ ಹಿಡಿದು ಬಂದವನಿಗೆ ಮನೆ ಸಿಗಬಾರದು, ಅಷ್ಟೇ. ಕೆಲವು ಕಡೆ ಒಂದೇ ಬರಹ ಉಳಿಸಿದ್ರು: ಮಾಸ್ಕೋ 1800 ಕಿ.ಮೀ.

ರೇಡಿಯೋನೂ ಬಚ್ಚಿಟ್ಟುಕೊಂಡೇ ಮಾತಾಡ್ತಿತ್ತು. ಒಂದೂರಿನ ಸ್ಟೇಷನ್ ಸ್ವಲ್ಪ ಹೊತ್ತು ಸುದ್ದಿ ಹೇಳಿ ಇನ್ನೊಂದೂರಿಗೆ ದಾಟಿಸೋದು. ಸಿಗ್ನಲ್ ಎಲ್ಲಿಂದ ಅಂತ ಪತ್ತೆ ಹಚ್ಚೋ ಯಂತ್ರ ಹೊತ್ತ ರೈಲನ್ನ ರೈಲ್ವೆಯವರೇ ದಾರೀಲಿ ತಡೆದು ತಡೆದು ತಡ ಮಾಡಿದ್ರು. ಆ ರೈಲ್ವೆ ಕೆಲಸಗಾರರ ಮೇಲೆ ನಂಗೆ ತುಂಬಾ ಗೌರವ.

ಆದ್ರೆ ದುಬ್ಚೆಕ್ ಸೇರಿ ದೇಶದ ನಾಯಕರು ಮಾಸ್ಕೋದ ಕೈಯಲ್ಲಿದ್ದರು. ಆಗಸ್ಟ್ 26ಕ್ಕೆ ಅಲ್ಲೇ, ಸುಧಾರಣೆಗಳಿಂದ ಹಿಂದೆ ಸರಿಯೋ ಒಪ್ಪಂದಕ್ಕೆ ಸಹಿ ಬಿತ್ತು. ಆ ನಾಯಕರಲ್ಲಿ ಫ್ರಾಂತಿಷೆಕ್ ಕ್ರೀಗೆಲ್ ಒಬ್ಬರು ಮಾತ್ರ ಹಾಕಲಿಲ್ಲ. 1969ರ ಏಪ್ರಿಲ್‌ನಲ್ಲಿ ದುಬ್ಚೆಕ್ ಜಾಗಕ್ಕೆ ಹುಸಾಕ್ ಬಂದರು. ಸೆನ್ಸಾರ್ ಅಷ್ಟರಲ್ಲಾಗಲೇ ವಾಪಸ್ ಬಂದಿತ್ತು.