"ಸೊಮಾಲಿಗಳಿಗೆ ಎಲ್ಲಾ ಸರ್ಕಾರವೇ ಕೊಡುತ್ತಂತೆ, ಹೌದಾ?"

ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ನಮ್ಮ ಕನ್ನಡದವರು ಸೇರಿದಾಗಲೆಲ್ಲ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಶನಿವಾರ ಸೊಮಾಲಿಗಳು ಹೆಚ್ಚಿರುವ ಸೀಡರ್-ರಿವರ್‌ಸೈಡ್ ಬಡಾವಣೆಯ ಒಂದು ಸಮುದಾಯ ಕೇಂದ್ರಕ್ಕೆ ಅವರ ಕಾಗದ-ಪತ್ರ ಓದಿ ಹೇಳಲು ಹೋಗುತ್ತೇನೆ ಅಂತ ಗೊತ್ತಾದ ಕೂಡಲೇ ಶುರು. "ಬಂದು ಮೂರು ವರ್ಷಕ್ಕೆ ಅಂಗಡಿ ಹಾಕ್ತಾರಲ್ಲ, ದುಡ್ಡು ಎಲ್ಲಿಂದ? ಸರ್ಕಾರದ್ದೇ ಅಲ್ವಾ?"

ಸರ್ಕಾರ ಕೊಡುತ್ತಿತ್ತು, ಸ್ವಲ್ಪ ದಿನ. ನಿರಾಶ್ರಿತರಾಗಿ ಬಂದವರಿಗೆ ಮೊದಲ ಮೂರು ತಿಂಗಳು ಒಂದು ಸಂಸ್ಥೆ ಮನೆ, ಹಾಸಿಗೆ, ಪಾತ್ರೆ, ಮಕ್ಕಳ ಶಾಲೆ ನೋಡಿಕೊಳ್ಳುತ್ತಿತ್ತು. ಜೊತೆಗೆ ಕೆಲವು ತಿಂಗಳು ಕೈಗೆ ಸಣ್ಣ ಮೊತ್ತ. ಆದರೆ ಅವರು ಬಂದ ವಿಮಾನದ ಟಿಕೆಟ್ ಪುಕ್ಕಟೆ ಅಲ್ಲ, ಇದು ಕೇಳಿದವರಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅದು ಬಡ್ಡಿಯಿಲ್ಲದ ಸಾಲ. ಸುಮಾರು ಆರು ತಿಂಗಳಿಗೆ ಕಂತು ಕಟ್ಟಿ ಅಂತ ಪತ್ರ ಬರುತ್ತಿತ್ತು. ಮನೆಯಲ್ಲಿ ಆರು ಜನ ಇದ್ದರೆ ಆರು ಟಿಕೆಟ್ಟಿನ ಸಾಲ.

ಆ ಪತ್ರವನ್ನು ನಾನು ಮೊದಲು ನೋಡಿದ್ದು ಒಂದು ಪ್ಲಾಸ್ಟಿಕ್ ಚೀಲದಲ್ಲಿ. 2023ರಲ್ಲಿ ಬಂದ ಒಬ್ಬ ತಾಯಿ, ಪಕ್ಕದಲ್ಲಿ ಹನ್ನೊಂದು ವರ್ಷದ ಮಗ. ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ನಾಲ್ಕು ತಿಂಗಳ ಅಂಚೆ, ಅರ್ಧಕ್ಕರ್ಧ ಒಡೆದೇ ಇಲ್ಲ. ಅದರಲ್ಲಿ ಪಿಜ್ಜಾ ಜಾಹೀರಾತನ್ನು ಮಾತ್ರ ನೀಟಾಗಿ ಮಡಿಸಿ ಇಟ್ಟಿದ್ದರು, ಬಣ್ಣ ಜಾಸ್ತಿ ಇತ್ತಲ್ಲ, ಮುಖ್ಯವಾದದ್ದು ಅಂದುಕೊಂಡಿದ್ದರು. ಆರೋಗ್ಯ ವಿಮೆ ನವೀಕರಣದ ಕಾಗದ ತಳದಲ್ಲಿತ್ತು, ಕೊನೆಯ ದಿನಕ್ಕೆ ಇನ್ನು ಐದೇ ದಿನ. ಟಿಕೆಟ್ ಸಾಲದ ಪತ್ರವನ್ನು ಹುಡುಗ ಓದಿದ್ದನಂತೆ. "ದುಡ್ಡು ಕೇಳ್ತಿದ್ದಾರೆ" ಅಂತಷ್ಟೇ ಹೇಳಿದ್ದ. ವಾಪಸ್ ಕಳಿಸುತ್ತಾರೇನೋ ಅಂತ ತಾಯಿಗೆ ಎರಡು ವಾರ ನಿದ್ದೆ ಇಲ್ಲ.

ಆ ಹುಡುಗನದ್ದೇ ನನಗೆ ಜಾಸ್ತಿ ಯೋಚನೆ. ಬಾಡಿಗೆ ಮಾತುಕತೆಗೂ ಅವನೇ, ಅಮ್ಮನ ಡಾಕ್ಟರ್ ಹತ್ತಿರವೂ ಅವನೇ. ಅಮ್ಮನ ಮುಟ್ಟಿನ ತೊಂದರೆಯನ್ನು ಮಗ ಇಂಗ್ಲಿಷಿನಲ್ಲಿ ಹೇಳಬೇಕು ಅಂದರೆ ಯೋಚಿಸಿ. ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ದುಭಾಷಿಯನ್ನು ಕೇಳಬಹುದು ಅಂತ ಅವರಿಗೆ ತಿಳಿಸಲು ಹಿಡಿದದ್ದು ಎರಡು ನಿಮಿಷ. ಆ ಎರಡು ನಿಮಿಷಕ್ಕೆ ಅಲ್ಲಿ ಒಬ್ಬರು ಕೂತಿರಬೇಕು, ಅಷ್ಟೇ. ಚಳಿಗೆ ಕೋಟು ದಾನ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಹೀಗೆ ಕೂರುವವರು ಕಡಿಮೆ.

ಈ ಹಿಮದ ಊರಿಗೆ ಅವರೇಕೆ ಬಂದರು ಅಂತಲೂ ಕೇಳುತ್ತಾರೆ. 1991ರಲ್ಲಿ ಸೊಮಾಲಿಯಾದ ಅಧ್ಯಕ್ಷ ಸಿಯಾದ್ ಬರ್ರೆಯ ಸರ್ಕಾರ ಬಿದ್ದು, ಅಂತರ್ಯುದ್ಧಕ್ಕೆ ಹೆದರಿ ಲಕ್ಷಾಂತರ ಜನ ಊರು ಬಿಟ್ಟರು, ಎಷ್ಟೋ ಜನ ಕೀನ್ಯಾದ ದದಾಬ್ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಉಳಿದರು. ಮಿನೆಸೋಟಾದ ಟರ್ಕಿ ಕೋಳಿ ಫ್ಯಾಕ್ಟರಿಗಳಲ್ಲಿ ಇಂಗ್ಲಿಷ್ ಬರದಿದ್ದರೂ ಕೆಲಸ ಸಿಗುತ್ತಿತ್ತು. ಒಬ್ಬ ಬಂದ, ಅಣ್ಣನನ್ನು ಕರೆದ, ಅಣ್ಣ ಅತ್ತೆ ಮಗನನ್ನು ಕರೆದ. ಬೇರೆ ರಾಜ್ಯಕ್ಕೆ ಇಳಿದವರೂ ಬಸ್ಸು ಹತ್ತಿ ಇಲ್ಲಿಗೇ ಬಂದರು. ಇವತ್ತು ಅಮೆರಿಕದಲ್ಲೇ ಅತಿ ಹೆಚ್ಚು ಸೊಮಾಲಿಗಳಿರುವುದು ಈ ರಾಜ್ಯದಲ್ಲಿ. ಸೀಡರ್-ರಿವರ್‌ಸೈಡ್‌ನಲ್ಲಿ 1973ರಲ್ಲಿ ಕಟ್ಟಿದ ರಿವರ್‌ಸೈಡ್ ಪ್ಲಾಜಾದ ಬಣ್ಣದ ಫಲಕಗಳ ಎತ್ತರದ ವಸತಿ ಕಟ್ಟಡಗಳಲ್ಲಿ ಯಾವ ಲಿಫ್ಟ್ ಹತ್ತಿದರೂ ಏಲಕ್ಕಿ ಚಹಾದ ಘಮ. ಅವರು ಅದನ್ನು ಶಾಹ್ ಅನ್ನುತ್ತಾರೆ. (2025ರ ಜನವರಿಯಲ್ಲಿ ನಿರಾಶ್ರಿತರನ್ನು ಕರೆಸುವ ಯೋಜನೆಯನ್ನೇ ಸರ್ಕಾರ ತಡೆಹಿಡಿಯಿತು. ನಾನು ಹೇಳುತ್ತಿರುವುದು ಅದಕ್ಕೆ ಮೊದಲು ಬಂದವರ ಮಾತು.)

ಇನ್ನು ಅಂಗಡಿಯ ದುಡ್ಡು. ನಮ್ಮ ಚೀಟಿ ಗೊತ್ತಲ್ಲ, ಅದೇ. ಅವರು ಅಯೂಟೊ ಅನ್ನುತ್ತಾರೆ, ದಕ್ಷಿಣ ಸೊಮಾಲಿಯಾವನ್ನು ಆಳಿದ ಇಟಲಿಯವರಿಂದ ಬಂದ ಪದ, 'ಸಹಾಯ' ಅಂತ ಅರ್ಥ. ಹತ್ತು ಹೆಂಗಸರು ತಿಂಗಳಿಗೆ ತಲಾ 500 ಡಾಲರ್ ಹಾಕಿದರೆ ಪ್ರತಿ ತಿಂಗಳು ಒಬ್ಬರ ಕೈಗೆ 5,000. ನಮ್ಮಲ್ಲಿ ಚೀಟಿ ಕೂಗುತ್ತಾರೆ, ಅರ್ಜೆಂಟ್ ಇರುವವರು ನಷ್ಟ ಮಾಡಿಕೊಂಡು ಎತ್ತುತ್ತಾರೆ. ಅವರಲ್ಲಿ ಕೂಗುವ ಹಾಗೇ ಇಲ್ಲ, ಬಡ್ಡಿ ಧರ್ಮಕ್ಕೆ ವಿರುದ್ಧ. ಅದಕ್ಕೇ ಎಷ್ಟೋ ಜನ ಬ್ಯಾಂಕ್ ಸಾಲದ ತಂಟೆಗೂ ಹೋಗುವುದಿಲ್ಲ. ಅರ್ಜೆಂಟ್ ಇರುವವರಿಗೆ ಉಳಿದವರು ಸುಮ್ನೆ ಸರದಿ ಬಿಟ್ಟುಕೊಡುತ್ತಾರೆ. ಇಥಿಯೋಪಿಯಾದವರಲ್ಲೂ ಇದೆ, ಹೆಸರು ಇಕುಬ್. ಸಾವಿನ ಖರ್ಚಿಗೆ ಅವರದು ಬೇರೆಯೇ ಕೂಟ, ಇದಿರ್ ಅಂತ.

ಆ ಚೀಲದ ತಾಯಿ ಈಗ ಒಂದು ಅಯೂಟೊದಲ್ಲಿದ್ದಾರೆ. ಮೊದಲ ಸರದಿಯ ದುಡ್ಡಿನಲ್ಲಿ ಅಂಗಡಿ ಹಾಕಲಿಲ್ಲ. ಟಿಕೆಟ್ ಸಾಲ ತೀರಿಸಿದರು, ಉಳಿದದ್ದನ್ನು ನೈರೋಬಿಯಲ್ಲಿರುವ ತಂಗಿಯ ಮನೆ ಬಾಡಿಗೆಗೆ ಕಳಿಸಿದರು.

ಅವರ ಮಗ ನನ್ನನ್ನು ಹಬರ್‌ಯರ್ ಅಂತ ಕರೆಯುತ್ತಾನೆ, ಅಂದರೆ ಅಮ್ಮನ ಸೋದರಿ. ಅದರಲ್ಲಿ 'ಯರ್' ಅಂದರೆ ಚಿಕ್ಕ, ಥೇಟ್ ನಮ್ಮ ಚಿಕ್ಕಮ್ಮನ ಹಾಗೆ. ಕಳೆದ ತಿಂಗಳು ಅವರ ಗುಂಪಿನಲ್ಲಿ ಒಬ್ಬರು ಊರು ಬಿಟ್ಟರು, ಜಾಗ ಖಾಲಿಯಾಯಿತು, ನನ್ನನ್ನು ಕೇಳಿದರು. ಮನೆಯಲ್ಲಿ ಹೇಳಿದರೆ ನಮ್ಮ ಯಜಮಾನರು, "ಶ್ಯೂರಿಟಿ ಯಾರು?" ಅಂದರು. ಅದನ್ನು ಅಲ್ಲಿ ಹೇಗೆ ಕೇಳುವುದು ಅಂತ ಗೊತ್ತಾಗದೆ ಸುಮ್ನೆ 500 ಡಾಲರ್ ಕೊಟ್ಟು ಬಂದೆ. ನನ್ನ ಸರದಿ ಫೆಬ್ರವರಿಗೆ.